ಡೇ ಟ್ರೇಡಿಂಗ್, ಆಪ್ಷನ್ಸ್: ಹೊಸಬರ ಪ್ರಶ್ನೆಗಳು, ರಿಸ್ಕ್ ಡೆಸ್ಕ್‌ನಿಂದ ಉತ್ತರಗಳು

(ಈ ವಾರ ಉತ್ತರ ಕೊಡುತ್ತಿರುವವರು ಬ್ರೋಕಿಂಗ್ ಸಂಸ್ಥೆಯೊಂದರ ರಿಸ್ಕ್ ವಿಭಾಗದಲ್ಲಿ ಕೆಲಸ ಮಾಡುವವರು. ಯಾವ ಷೇರು ಕೊಳ್ಳಬೇಕು ಅಂತ ದಯವಿಟ್ಟು ಕೇಳಬೇಡಿ, ಅವರು ಹೇಳುವುದಿಲ್ಲ. ಡೇ ಟ್ರೇಡಿಂಗ್ ಅಂದರೆ ಕೊಂಡದ್ದನ್ನು ಅದೇ ದಿನ ಮಾರಿ ಮುಗಿಸುವುದು. ಆಪ್ಷನ್ ಅಂದರೆ ಷೇರನ್ನು ಗೊತ್ತಾದ ಬೆಲೆಗೆ, ಗೊತ್ತಾದ ದಿನದೊಳಗೆ ಕೊಳ್ಳುವ ಹಕ್ಕು (ಕಾಲ್) ಇಲ್ಲವೇ ಮಾರುವ ಹಕ್ಕು (ಪುಟ್). ಆ ಬೆಲೆ ಸ್ಟ್ರೈಕ್, ಕೊನೆಯ ದಿನ ಎಕ್ಸ್‌ಪೈರಿ, ಹಕ್ಕಿಗೆ ಕೊಡುವ ದುಡ್ಡು ಪ್ರೀಮಿಯಂ.)

ಪ್ರಶ್ನೆ: ನಮಸ್ಕಾರ ಮೇಡಂ. ಕೆಲಸ ಬಿಟ್ಟು ಡೇ ಟ್ರೇಡಿಂಗನ್ನೇ ನೆಚ್ಚಿಕೊಳ್ಳಬೇಕು ಅಂತಿದ್ದೇನೆ. ಕೆಲವು ತಿಂಗಳಿಂದ ವಿಡಿಯೋ ನೋಡಿ ಬೆಲೆಯ ಚಾರ್ಟ್ ಓದುವುದು, ಕ್ಯಾಂಡಲ್ ಪ್ಯಾಟರ್ನ್, ಸಪೋರ್ಟ್, ರೆಸಿಸ್ಟೆನ್ಸ್ ಎಲ್ಲ ಕಲಿತಿದ್ದೇನೆ. ಸ್ವಲ್ಪ ಉಳಿತಾಯ ಇದೆ. ದಿನಕ್ಕೆ ಬಂಡವಾಳದ ಮೇಲೆ ಒಂದು ಪರ್ಸೆಂಟ್ ಬಂದರೆ ಸಾಕು, ಜಾಸ್ತಿ ಆಸೆ ಇಲ್ಲ. ಷೇರಿನಲ್ಲಿ ಶುರು ಮಾಡಲಾ, ಆಪ್ಷನ್ಸ್‌ನಲ್ಲಾ?

ಉತ್ತರ: ನಮಸ್ಕಾರ. ಮೊದಲು ಆ ಒಂದು ಪರ್ಸೆಂಟ್ ಲೆಕ್ಕ ನೋಡೋಣ. ಮಾರುಕಟ್ಟೆ ವರ್ಷಕ್ಕೆ ಸುಮಾರು 250 ದಿನ ತೆರೆದಿರುತ್ತದೆ. ಬಂದ ಲಾಭವನ್ನು ಬಂಡವಾಳಕ್ಕೇ ಸೇರಿಸುತ್ತಾ ಹೋದರೆ ಒಂದು ಲಕ್ಷ ವರ್ಷದ ಕೊನೆಗೆ 12 ಲಕ್ಷ ಆಗುತ್ತದೆ. ಎರಡನೇ ವರ್ಷದ ಕೊನೆಗೆ 1.4 ಕೋಟಿ ದಾಟುತ್ತದೆ. ಇದನ್ನು ನೀವು ಸಣ್ಣ ಆಸೆ ಅಂತೀರಿ!

ಈಗ ನಿಜವಾಗಿ ಏನಾಗಿದೆ ನೋಡಿ. ಬ್ರೆಜಿಲ್‌ನಲ್ಲಿ 2013ರಿಂದ 2015ರ ನಡುವೆ ಇಂಡೆಕ್ಸ್ ಫ್ಯೂಚರ್ಸ್‌ನಲ್ಲಿ (ಷೇರು ಸೂಚ್ಯಂಕವನ್ನು ಮುಂದಿನ ಒಂದು ದಿನಕ್ಕೆ ಈಗಲೇ ಬೆಲೆ ಗೊತ್ತುಮಾಡಿ ಕೊಳ್ಳುವ, ಮಾರುವ ಒಪ್ಪಂದ) ಡೇ ಟ್ರೇಡಿಂಗ್ ಶುರು ಮಾಡಿದವರನ್ನು ಸಂಶೋಧಕರು ಹಿಂಬಾಲಿಸಿದರು. 300 ದಿನಕ್ಕಿಂತ ಜಾಸ್ತಿ ಪಟ್ಟು ಹಿಡಿದು ಟ್ರೇಡ್ ಮಾಡಿದವರಲ್ಲಿ 97 ಪರ್ಸೆಂಟ್ ಜನ ದುಡ್ಡು ಕಳೆದುಕೊಂಡಿದ್ದರು. ಆ ದೇಶದ ಕನಿಷ್ಠ ಕೂಲಿಗಿಂತ ಹೆಚ್ಚು ದುಡಿದವರು ಕೇವಲ 1.1 ಪರ್ಸೆಂಟ್. ತೈವಾನ್‌ನಲ್ಲಿ 1992ರಿಂದ 2006ರವರೆಗಿನ ದಾಖಲೆ ಜಾಲಾಡಿದಾಗಲೂ ಅಷ್ಟೇ: ಖರ್ಚು ಕಳೆದು ಮತ್ತೆ ಮತ್ತೆ ಗೆಲ್ಲುವವರು ನೂರಕ್ಕೆ ಒಬ್ಬರೂ ಇಲ್ಲ. ಭಾರತದಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ, ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ನಷ್ಟದಲ್ಲಿದ್ದರು. ಮೂರು ಬೇರೆ ದೇಶ, ಮೂರು ಬೇರೆ ಕಾಲ, ಕಥೆ ಮಾತ್ರ ಒಂದೇ.

ಇವರೆಲ್ಲ ದಡ್ಡರು ಅಂತಲ್ಲ. ಒಂದು ದೊಡ್ಡ ಕಾರಣ ಖರ್ಚು. ಒಂದು ಸಲ ಕೊಂಡು ಮಾರುವುದಕ್ಕೆ ಬ್ರೋಕರೇಜ್, ತೆರಿಗೆ, ಕೊಳ್ಳುವ ಮತ್ತು ಮಾರುವ ಬೆಲೆಯ ಅಂತರ ಎಲ್ಲ ಸೇರಿ 0.1 ಪರ್ಸೆಂಟ್ ಹೋಗುತ್ತದೆ ಅಂದುಕೊಳ್ಳಿ. ದಿನಕ್ಕೆ ನಾಲ್ಕು ಸಲ ಪೂರ್ತಿ ಬಂಡವಾಳ ತಿರುಗಿಸಿದರೆ 0.4 ಪರ್ಸೆಂಟ್. 250 ದಿನಕ್ಕೆ ನೂರು ಪರ್ಸೆಂಟ್. ಅಂದರೆ ನೀವು ದಿನಾ ಅಷ್ಟೇ ದುಡ್ಡು ತಿರುಗಿಸುತ್ತಾ, ಗೆಲ್ಲದೆ ಸೋಲದೆ ಸಮಸಮ ಆಡಿದರೂ ಮೊದಲು ಹಾಕಿದಷ್ಟು ದುಡ್ಡು ಒಂದೇ ವರ್ಷದಲ್ಲಿ ಖರ್ಚಿಗೇ ಹೋಗಿರುತ್ತದೆ. ಪ್ಯಾಟರ್ನ್ ಕಲಿಸುವ ವಿಡಿಯೋದಲ್ಲಿ ಇದನ್ನು ಯಾರೂ ಬೋರ್ಡ್ ಮೇಲೆ ಬರೆಯುವುದಿಲ್ಲ, ಅಲ್ವಾ?

ಕೆಲಸ ಬಿಡಬೇಡಿ. ಮನೆ ಖರ್ಚು ಇವತ್ತಿನ ಟ್ರೇಡ್‌ನಿಂದಲೇ ಬರಬೇಕು ಅಂತಾದರೆ ಸುಮ್ಮನೆ ಕೂರಬೇಕಾದ ದಿನವೂ ಕೈ ಸುಮ್ಮನಿರುವುದಿಲ್ಲ. ಮಾಡಲೇಬೇಕು ಅಂದರೆ ಷೇರಿನಿಂದ ಶುರು ಮಾಡಿ. ನಿಮ್ಮ ಸ್ವಂತ ದುಡ್ಡು, ಬ್ರೋಕರ್ ಕೊಡುವ ಮಾರ್ಜಿನ್ ಸಾಲ ಬೇಡ. ದಿನಕ್ಕೆ ಒಂದೇ ಟ್ರೇಡ್. ಆಪ್ಷನ್ಸ್ ಆಮೇಲೆ.

ಅದೇ ಸದಸ್ಯರು: ಆದರೆ ಮೇಡಂ, ಸ್ವಲ್ಪವೇ ದುಡ್ಡು ಇರುವವರಿಗೆ ಆಪ್ಷನ್ಸ್ ಒಳ್ಳೇದು ಅಂತಾರಲ್ಲ? ಕೊಂಡರೆ ಪ್ರೀಮಿಯಂ ಮಾತ್ರ ಹೋಗುತ್ತದೆ, ಲಾಭಕ್ಕೆ ಮಿತಿ ಇಲ್ಲ.

ಉತ್ತರ: ವಾಕ್ಯ ಸರಿ ಇದೆ. ಆದರೆ ಆ "ಪ್ರೀಮಿಯಂ ಮಾತ್ರ" ವಾರ ವಾರವೂ ಹೋಗುತ್ತಿದ್ದರೆ? ಮುಂದಿನ ಪ್ರಶ್ನೆ ಇದಕ್ಕೇ ಸಂಬಂಧಪಟ್ಟದ್ದು, ಅಲ್ಲಿ ವಿವರವಾಗಿ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನನಗೆ ಮೋಸ ಆಗಿದೆ ಅನ್ನಿಸುತ್ತಿದೆ. ಒಂದು ಕಂಪನಿಯ ಫಲಿತಾಂಶಕ್ಕೆ ಹಿಂದಿನ ದಿನ ಕಾಲ್ ಆಪ್ಷನ್ ಕೊಂಡೆ. ಷೇರು 1000ದಲ್ಲಿತ್ತು. 1050ರ ಸ್ಟ್ರೈಕ್, ಪ್ರೀಮಿಯಂ 20, ಎಕ್ಸ್‌ಪೈರಿಗೆ ಒಂದು ವಾರ. ಫಲಿತಾಂಶ ಚೆನ್ನಾಗಿ ಬಂತು. ಷೇರು 1030ಕ್ಕೆ ಏರಿತು. ನನ್ನ ಆಪ್ಷನ್ ಮಾತ್ರ 20ರಿಂದ 10ಕ್ಕೆ ಇಳಿಯಿತು! ದಿಕ್ಕು ಸರಿಯಾಗಿ ಹೇಳಿದವನಿಗೆ ಅರ್ಧ ದುಡ್ಡು ಹೇಗೆ ಹೋಗುತ್ತದೆ?

ಉತ್ತರ: ಮೋಸ ಏನೂ ಆಗಿಲ್ಲ. ನಮ್ಮ ಡೆಸ್ಕ್‌ಗೆ ಬರುವ ದೂರುಗಳಲ್ಲಿ ಇದೇ ದೊಡ್ಡ ಪಾಲು. ಹೊಸಬರು ಒಂದೇ ಒಂದು ವಿಷಯ ಸರಿಯಾಗಿ ತಿಳಿಯಬೇಕು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಷೇರು ಕೊಂಡಾಗ ನೀವು ಹೇಳುವುದು ಒಂದೇ ಮಾತು: ಇದು ಮೇಲೆ ಹೋಗುತ್ತದೆ. ಆಪ್ಷನ್ ಕೊಂಡಾಗ ಮೂರು ಮಾತು ಹೇಳುತ್ತೀರಿ. ಮೇಲೆ ಹೋಗುತ್ತದೆ, ಇಷ್ಟು ದೂರ ಹೋಗುತ್ತದೆ, ಇಷ್ಟು ದಿನದೊಳಗೆ ಹೋಗುತ್ತದೆ. ನಿಮ್ಮದರಲ್ಲಿ ಮೊದಲನೆಯದು ಸರಿಯಾಯಿತು, ಎರಡನೆಯದು ಆಗಲಿಲ್ಲ.

ಎಕ್ಸ್‌ಪೈರಿ ದಿನ ನಿಮ್ಮ ದುಡ್ಡು ವಾಪಸ್ ಬರಬೇಕಾದರೆ ಷೇರು ಎಲ್ಲಿರಬೇಕು? 1050ಕ್ಕೆ 20 ಸೇರಿಸಿ, 1070. ಅಂದರೆ ಒಂದು ವಾರದಲ್ಲಿ 7 ಪರ್ಸೆಂಟ್ ಏರಬೇಕು, ಅದೂ ಖರ್ಚು ಬಿಟ್ಟು. ಅದು 3 ಪರ್ಸೆಂಟ್ ಮಾತ್ರ ಏರಿತು. 1030ರಲ್ಲಿ ನಿಂತ ಷೇರನ್ನು 1050ಕ್ಕೆ ಕೊಳ್ಳುವ ಹಕ್ಕಿಗೆ ಈ ಹೊತ್ತಿನ ಬೆಲೆ ಸೊನ್ನೆ. ಉಳಿದ 10 ಬರೀ ಭರವಸೆಯ ಬೆಲೆ.

ಆ ಭರವಸೆ ಹಿಂದಿನ ದಿನ ಯಾಕೆ ಅಷ್ಟು ದುಬಾರಿ ಇತ್ತು? ಫಲಿತಾಂಶ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಷೇರು ಎತ್ತಲಾದರೂ ಜಿಗಿಯಬಹುದು ಅಂತ ಆಪ್ಷನ್ ಮಾರುವವರು ಬೆಲೆ ಏರಿಸಿದ್ದರು. ಮಾರುಕಟ್ಟೆ ಹೀಗೆ ಮುಂದಾಗಿ ಅಂದಾಜು ಮಾಡುವ ಏರಿಳಿತಕ್ಕೆ ಇಂಪ್ಲೈಡ್ ವೊಲಟಿಲಿಟಿ, ಚಿಕ್ಕದಾಗಿ ಐವಿ ಅಂತಾರೆ. ನಿಮ್ಮ ಆಪ್ಷನ್ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಹಿಂದಿನ ದಿನ ಐವಿ 70 ಪರ್ಸೆಂಟಿನ ಮೇಲಿತ್ತು. ಫಲಿತಾಂಶ ಹೊರಬಿದ್ದ ಮೇಲೆ ಅನುಮಾನ ತೀರಿತು, ಐವಿ 35ರ ಆಸುಪಾಸಿಗೆ ಬಿತ್ತು. ಷೇರು ಏರಿದ್ದರಿಂದ ಬಂದ ಲಾಭವನ್ನು ಐವಿ ಬಿದ್ದದ್ದು ನುಂಗಿಹಾಕಿತು. ಇದಕ್ಕೆ ಟ್ರೇಡರ್‌ಗಳು ಐವಿ ಕ್ರಷ್ ಅಂತಾರೆ. ಮೇಲಿಂದ ಒಂದು ದಿನವೂ ಕಳೆಯಿತು. ದಿನ ಕಳೆದಂತೆ ಕರಗುವುದಕ್ಕೆ ಥೀಟಾ ಅಂತ ಹೆಸರು. ಎಕ್ಸ್‌ಪೈರಿ ಹತ್ತಿರ ಬಂದಷ್ಟೂ ಅದರ ವೇಗ ಜಾಸ್ತಿ.

ಇನ್ನೊಂದು ಮಾತು. 1050ರ ಸ್ಟ್ರೈಕ್ ಆರಿಸಿದ್ದು ಯಾಕೆ? ಅಗ್ಗ ಅಂತ ತಾನೇ? ದೂರದ ಸ್ಟ್ರೈಕ್ ಅಗ್ಗ ಇರುವುದು ಅದು ಗೆಲ್ಲುವ ಸಾಧ್ಯತೆ ಕಡಿಮೆ ಅಂತಲೇ. ಮುಂದಿನ ಸಲ ಕೊಳ್ಳುವ ಮೊದಲು ಡೆಲ್ಟಾ ನೋಡಿ. ಡೆಲ್ಟಾ 0.25 ಅಂದರೆ ಷೇರು 1 ಏರಿದಾಗ ಪ್ರೀಮಿಯಂ ಸುಮಾರು 25 ಪೈಸೆ ಏರುತ್ತದೆ. ಎಕ್ಸ್‌ಪೈರಿ ದಿನ ಅದಕ್ಕೆ ಏನಾದರೂ ಬೆಲೆ ಉಳಿಯುವ ಸಾಧ್ಯತೆಯೂ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಈ ಅಂಕಿ ಅನೇಕ ಬ್ರೋಕರ್‌ಗಳ ಆಪ್ಷನ್ ಚೈನ್‌ನಲ್ಲೇ (ಎಲ್ಲ ಸ್ಟ್ರೈಕ್‌ಗಳ ಬೆಲೆ ತೋರಿಸುವ ಪಟ್ಟಿ) ಇರುತ್ತದೆ. ನೋಡುವವರು ಕಡಿಮೆ.

ಪ್ರಶ್ನೆ: ಹಾಗಾದರೆ ಮಾರುವವರೇ ಗೆಲ್ಲುತ್ತಾರೆ ಅಂತಾಯಿತು. ನಾನೂ ಆಪ್ಷನ್ ಮಾರುತ್ತೇನೆ. ಹತ್ತರಲ್ಲಿ ಎಂಟು ಸಲ ಗೆದ್ದರೆ ಸಾಕಲ್ಲ?

ಉತ್ತರ: ಉಳಿದ ಎರಡು ಸಲ ಎಷ್ಟು ಹೋಗುತ್ತದೆ ಅಂತ ಹೇಳಿದರೆ ಸಾಕೋ ಇಲ್ಲವೋ ಹೇಳುತ್ತೇನೆ. ಎಂಟು ಸಲ 10ರಂತೆ 80 ಬಂತು, ಎರಡು ಸಲ 60ರಂತೆ 120 ಹೋಯಿತು. ಗೆಲುವಿನ ಲೆಕ್ಕ ಚೆನ್ನಾಗಿದೆ, ದುಡ್ಡಿನ ಲೆಕ್ಕ 40 ಮೈನಸ್.

ಬೇರಿಂಗ್ಸ್ ಬ್ಯಾಂಕಿನ ಹೆಸರು ಕೇಳಿರಬಹುದು. 1762ರಲ್ಲಿ ಶುರುವಾದ ಬ್ರಿಟಿಷ್ ಬ್ಯಾಂಕ್. ಅದರ ಸಿಂಗಾಪುರದ ಟ್ರೇಡರ್ ನಿಕ್ ಲೀಸನ್ ನಷ್ಟವನ್ನು ಒಂದು ಗುಟ್ಟಿನ ಖಾತೆಯಲ್ಲಿ ಬಚ್ಚಿಟ್ಟಿದ್ದ. ಜಪಾನಿನ ನಿಕ್ಕೇ ಸೂಚ್ಯಂಕದ ಮೇಲೆ ಕಾಲ್, ಪುಟ್ ಎರಡನ್ನೂ ಮಾರಿ ಪ್ರೀಮಿಯಂ ತೆಗೆದುಕೊಳ್ಳುತ್ತಿದ್ದ. ಸೂಚ್ಯಂಕ ಅಲ್ಲಾಡದೆ ನಿಂತಿದ್ದರೆ ಅವನಿಗೆ ಲಾಭ. 1995ರ ಜನವರಿ 17ಕ್ಕೆ ಕೋಬೆ ನಗರದಲ್ಲಿ ಭೂಕಂಪ ಆಯಿತು. ನಿಕ್ಕೇ ಕುಸಿಯಿತು. ಅವನು ನಿಲ್ಲಿಸುವ ಬದಲು ಸೂಚ್ಯಂಕ ಏರುತ್ತದೆ ಅಂತ ಇನ್ನಷ್ಟು ಫ್ಯೂಚರ್ಸ್ ಕೊಂಡ. ಒಟ್ಟು ನಷ್ಟ 82.7 ಕೋಟಿ ಪೌಂಡ್. ಬ್ಯಾಂಕ್ ಮುಳುಗಿತು, ಡಚ್ ಸಂಸ್ಥೆ ಐಎನ್‌ಜಿ ಅದನ್ನು ಒಂದು ಪೌಂಡ್‌ಗೆ ಕೊಂಡುಕೊಂಡಿತು.

ಮಾರಲೇಬೇಕು ಅಂದರೆ ಬರಿಗೈಯಲ್ಲಿ ಮಾರಬೇಡಿ. ಒಂದು ಮಾರಿ, ಅದಕ್ಕಿಂತ ದೂರದ ಇನ್ನೊಂದನ್ನು ಕೊಂಡು ಸ್ಪ್ರೆಡ್ ಮಾಡಿ. ಲಾಭ ಸ್ವಲ್ಪ ಕಡಿಮೆ, ಆದರೆ ನಷ್ಟಕ್ಕೆ ಒಂದು ಗೋಡೆ ಇರುತ್ತದೆ. ಮೊದಲ ವರ್ಷ ಇದೂ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕೆ ಬಂದರೆ ಮಾರಿಬಿಡಿ ಅನ್ನುವ ಆರ್ಡರ್) ಹಾಕಿದ ತಕ್ಷಣ ಬೆಲೆ ಅಲ್ಲಿಗೇ ಬಂದು ಮುಟ್ಟಿ, ಆಮೇಲೆ ನಾನು ಹೇಳಿದ ಕಡೆಗೇ ಓಡುತ್ತದೆ. ದೊಡ್ಡ ಕುಳಗಳು ನಮ್ಮ ಸ್ಟಾಪ್‌ಲಾಸ್ ನೋಡಿ ಹೊಡೆಯುತ್ತಾರಾ?

ಉತ್ತರ: ನಿಮ್ಮ ಐವತ್ತು ಷೇರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಎಲ್ಲರೂ ಒಂದೇ ವಿಡಿಯೋ ನೋಡಿ, ಒಂದೇ ಕ್ಯಾಂಡಲ್‌ನ ಕೆಳಗೆ ಒಂದೇ ಬೆಲೆಗೆ ಸ್ಟಾಪ್ ಇಟ್ಟರೆ ಅಲ್ಲಿ ಗುಂಪು ಸೇರುತ್ತದೆ, ಅದು ನಿಜ.

ಬಹಳ ಸಲ ತೊಂದರೆ ಬೇರೆ. ನೀವು ಮೊದಲು ಎಷ್ಟು ಷೇರು ಅಂತ ತೀರ್ಮಾನ ಮಾಡಿ, ಆಮೇಲೆ ನಷ್ಟ ಸಹಿಸುವಷ್ಟು ಹತ್ತಿರಕ್ಕೆ ಸ್ಟಾಪ್ ಎಳೆಯುತ್ತೀರಿ. ಷೇರು ದಿನಾ ಸುಮ್ನೆ ಅಲ್ಲಾಡುವ ಅಳತೆಯೊಳಗೇ ಆ ಸ್ಟಾಪ್ ಬಿದ್ದಿರುತ್ತದೆ. ಇದನ್ನು ತಿರುಗಿಸಿ. ನಿಮ್ಮ ಎಣಿಕೆ ತಪ್ಪು ಅಂತ ಯಾವ ಬೆಲೆಯಲ್ಲಿ ಗೊತ್ತಾಗುತ್ತದೋ ಅಲ್ಲಿ ಸ್ಟಾಪ್ ಇಡಿ. ಆಮೇಲೆ ಎಷ್ಟು ಷೇರು ಅಂತ ಲೆಕ್ಕ ಹಾಕಿ. ಬಂಡವಾಳ ಒಂದು ಲಕ್ಷ, ಒಂದು ಟ್ರೇಡ್‌ನಲ್ಲಿ ಕಳೆದುಕೊಳ್ಳಲು ತಯಾರಿರುವುದು 1 ಪರ್ಸೆಂಟ್, ಅಂದರೆ 1000. ಸ್ಟಾಪ್ 20 ದೂರ ಇದ್ದರೆ 50 ಷೇರು. 40 ದೂರ ಇದ್ದರೆ 25 ಷೇರು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಲಾಟ್ (ಒಂದು ಸಲಕ್ಕೆ ಕೊಳ್ಳಲೇಬೇಕಾದ ಕನಿಷ್ಠ ಸಂಖ್ಯೆ) ದೊಡ್ಡದು, ಈ ಲೆಕ್ಕಕ್ಕೆ ಕೂರುವುದಿಲ್ಲ ಅಂದರೆ ಆ ಟ್ರೇಡ್ ನಿಮ್ಮದಲ್ಲ.

ಸ್ಟಾಪ್‌ಲಾಸ್ ಅನ್ನುವುದು ಗ್ಯಾರಂಟಿ ಅಲ್ಲ, ಬರೀ ಆರ್ಡರ್. 2015ರ ಜನವರಿ 15ಕ್ಕೆ ಸ್ವಿಸ್ ನ್ಯಾಷನಲ್ ಬ್ಯಾಂಕ್ ಯೂರೋಗೆ 1.20 ಫ್ರಾಂಕ್ ಅಂತ ಕಾಯುತ್ತಿದ್ದ ಮಿತಿಯನ್ನು ಇದ್ದಕ್ಕಿದ್ದಂತೆ ಕೈಬಿಟ್ಟಿತು. ಸ್ಟಾಪ್ ಇಟ್ಟವರ ಆರ್ಡರ್ ಎಲ್ಲೋ ದೂರದ ಬೆಲೆಗೆ ಹೋಗಿ ಬಿತ್ತು. ಖಾತೆ ಸೊನ್ನೆಗಿಂತ ಕೆಳಗೆ ಹೋದವರೂ ಇದ್ದರು. ರಾತ್ರಿ ಪೂರ್ತಿ ಇಟ್ಟುಕೊಂಡ ಷೇರು ಬೆಳಿಗ್ಗೆ ಗ್ಯಾಪ್‌ನಲ್ಲಿ, ಅಂದರೆ ಹಿಂದಿನ ದಿನದ ಬೆಲೆಯಿಂದ ದೂರಕ್ಕೆ ಜಿಗಿದು, ತೆರೆದರೂ ಹೀಗೇ.

ಆಪ್ಷನ್‌ನಲ್ಲಿ ಇನ್ನೊಂದು ಕಾಟ ಇದೆ. ವಹಿವಾಟು ಕಡಿಮೆ ಇರುವ ಸ್ಟ್ರೈಕ್‌ನಲ್ಲಿ ಕೊಳ್ಳುವವರು 8 ಅಂದರೆ ಮಾರುವವರು 12 ಅನ್ನುತ್ತಾರೆ. ಸಿಕ್ಕಿದ ಬೆಲೆಗೆ ಕೊಡಿ ಅನ್ನುವ ಮಾರ್ಕೆಟ್ ಆರ್ಡರ್ ಹಾಕಿ 12ಕ್ಕೆ ಕೊಂಡ ಮರುಕ್ಷಣವೇ ಮಾರಿದರೂ 8. ಬೆಲೆ ಅಲ್ಲಾಡದೆಯೇ ಮೂರನೇ ಒಂದು ಭಾಗ ಹೋಯಿತು. ಆಪ್ಷನ್ ಕೊಳ್ಳುವಾಗ ಯಾವತ್ತೂ ಲಿಮಿಟ್ ಆರ್ಡರ್ ಹಾಕಿ, ಅಂದರೆ ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಅಂತ ಬೆಲೆ ಹೇಳಿ.

ಪ್ರಶ್ನೆ: ಒಂದು ಗುಂಪಿನಲ್ಲಿ ದಿನಾ ಟಿಪ್ಸ್ ಕೊಡುತ್ತಾರೆ, ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಾರೆ. ಫೀಸು ಕಟ್ಟಲಾ?

ಉತ್ತರ: ಬೇಡ. ಸ್ಕ್ರೀನ್‌ಶಾಟ್ ತಯಾರು ಮಾಡುವುದು ಎರಡು ನಿಮಿಷದ ಕೆಲಸ. ನೋಂದಾಯಿತ ಸಲಹೆಗಾರರಾ ಅಂತ ಕೇಳಿ, ನಂಬರ್ ಕೊಟ್ಟರೆ ನಿಯಂತ್ರಕರ ವೆಬ್‌ಸೈಟ್‌ನಲ್ಲಿ ಹುಡುಕಿ. ಹೆಸರೇ ಕೇಳದ ಚಿಕ್ಕ ಷೇರನ್ನು ಈಗಲೇ ಕೊಳ್ಳಿ ಅಂದರೆ, ತಾವು ಮೊದಲೇ ಕೊಂಡಿಟ್ಟದ್ದನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ ಅಂತಲೇ ತಿಳಿಯಿರಿ.

ಪ್ರಶ್ನೆ: ನಾನು ಟ್ರೇಡರ್ ಅಲ್ಲ ಮೇಡಂ. ನನ್ನ ತಮ್ಮನ ವಿಷಯ. ಒಂದು ವರ್ಷದಿಂದ ಆಪ್ಷನ್ಸ್ ಆಡುತ್ತಿದ್ದಾನೆ. ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಈಗ ಸಾಲ ತಂದು ಹೋದದ್ದನ್ನು ವಾಪಸ್ ತೆಗೆಯುತ್ತೇನೆ ಅಂತಾನೆ. ಏನು ಹೇಳಲಿ?

ಉತ್ತರ: ಅಕ್ಕ, ಅವನಿಗೆ ಮೊದಲು ಈ ಲೆಕ್ಕ ತೋರಿಸಿ. 50 ಪರ್ಸೆಂಟ್ ಹೋದರೆ ಮೊದಲಿನ ಜಾಗಕ್ಕೆ ಬರಲು 100 ಪರ್ಸೆಂಟ್ ಲಾಭ ಬೇಕು. 80 ಹೋದರೆ 400 ಬೇಕು. ಸಾಲದ ದುಡ್ಡಾದರೆ ಬಡ್ಡಿಯೂ ಸೇರುತ್ತದೆ. ನಷ್ಟದ ಸಿಟ್ಟಿನಲ್ಲಿ ಲಾಟ್ ಡಬಲ್ ಮಾಡುವುದಕ್ಕೆ ರಿವೆಂಜ್ ಟ್ರೇಡಿಂಗ್ ಅಂತಾರೆ. ಖಾತೆ ಪೂರ್ತಿ ಖಾಲಿಯಾಗುವುದನ್ನು ನಾವು ನೋಡುವುದು ಹೆಚ್ಚಾಗಿ ಇಲ್ಲೇ.

ಅವನೊಬ್ಬನೇ ಹೀಗೆ ಅಂತ ಬೈಯಬೇಡಿ. ಸೆಬಿಯ ಆ ವರದಿಯಲ್ಲೇ ಇದೆ: ವರ್ಷದ ಮೇಲೆ ವರ್ಷ ನಷ್ಟ ಆದರೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಆಟ ಮುಂದುವರಿಸಿದ್ದರು. ಸಾಲ ಮಾತ್ರ ತಡೆಯಿರಿ. ನೀವು ಜಾಮೀನು ಹಾಕಬೇಡಿ, ಒಡವೆ ಕೊಡಬೇಡಿ. ಬ್ರೋಕರ್‌ಗೆ ಬರೆದು ಆಪ್ಷನ್ಸ್ ವಿಭಾಗವನ್ನು ಖಾತೆಯಿಂದ ತೆಗೆಸಬಹುದು, ಅವನು ಒಪ್ಪಿದರೆ ಇವತ್ತೇ ಮಾಡಿಸಿ. ನಿದ್ದೆ ಬಿಟ್ಟಿದ್ದಾನೆ, ಸುಳ್ಳು ಹೇಳುತ್ತಿದ್ದಾನೆ ಅಂತಾದರೆ ಇದು ಜೂಜಿನ ಚಟದ ಹಾಗೆಯೇ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟ್ರೇಡಿಂಗ್ ಕೋರ್ಸ್‌ಗೆ ಸೇರಿಸಿದರೆ ಇದು ವಾಸಿಯಾಗುವುದಿಲ್ಲ.

ಮೊದಲ ಸದಸ್ಯರು: ಮೇಡಂ, ಕೆಲಸ ಬಿಡುತ್ತಿಲ್ಲ. ಮೂರು ತಿಂಗಳು ಪೇಪರ್ ಟ್ರೇಡಿಂಗ್ (ದುಡ್ಡು ಹಾಕದೆ ಬರೀ ಲೆಕ್ಕದಲ್ಲಿ ಕೊಂಡು ಮಾರುವುದು) ಮಾಡಿ ನೋಡುತ್ತೇನೆ. ಸರಿನಾ?

ಉತ್ತರ: ಸರಿ. ಆದರೆ ಪೇಪರ್‌ನಲ್ಲಿ ಆರ್ಡರ್ ಕೇಳಿದ ಬೆಲೆಗೇ ಸಿಗುತ್ತದೆ, ನಿಜದಲ್ಲಿ ಸಿಗುವುದಿಲ್ಲ. ಹಾಗಾಗಿ ಕೊಳ್ಳುವಾಗ ಮಾರುವವರು ಹೇಳುವ ಬೆಲೆ, ಮಾರುವಾಗ ಕೊಳ್ಳುವವರು ಹೇಳುವ ಬೆಲೆ ಹಿಡಿಯಿರಿ. ಪ್ರತಿ ಟ್ರೇಡ್‌ಗೆ ಬ್ರೋಕರೇಜ್, ತೆರಿಗೆ ಕಳೆಯಿರಿ. ಯಾಕೆ ಕೊಂಡೆ, ಯಾವ ಬೆಲೆ ಬಂದರೆ ನನ್ನ ಎಣಿಕೆ ತಪ್ಪು, ಇವೆರಡನ್ನು ಟ್ರೇಡ್‌ಗೆ ಮೊದಲೇ ಬರೆದಿಡಿ, ಆಮೇಲೆ ತಿದ್ದಬೇಡಿ. ಕಡೇ ಪಕ್ಷ ನೂರು ಟ್ರೇಡ್ ಆಗಲಿ. ಆ ಪಟ್ಟಿಯನ್ನು ಇಲ್ಲಿ ಹಾಕಿ, ನೋಡೋಣ.