ಸಹಾಯ ಬೇಕು: ಸ್ವಿಚ್ ಬದಲಿಸಿದ ಮೇಲೆ ಹಳೇ ಪಿಎಲ್‌ಸಿ ಸಂಪರ್ಕ ತಪ್ಪುತ್ತಿದೆ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಪ್ಯಾಕಿಂಗ್ ಲೈನಿನ ನೆಟ್‌ವರ್ಕ್ ಸ್ವಿಚ್ (ಯಂತ್ರಗಳನ್ನು ಕೇಬಲ್ ಮೂಲಕ ಜೋಡಿಸುವ ಪೆಟ್ಟಿಗೆ) ಕೆಟ್ಟು, ಹೋದ ವಾರ ಹೊಸ ಮ್ಯಾನೇಜ್ಡ್ ಸ್ವಿಚ್, ಅಂದರೆ ಸೆಟ್ಟಿಂಗ್ ಬದಲಿಸಬಹುದಾದದ್ದು, ಹಾಕಿದೆವು. ಅಂದಿನಿಂದ ಒಂದು ಹಳೇ ಪಿಎಲ್‌ಸಿ (ಯಂತ್ರ ನಡೆಸುವ ಚಿಕ್ಕ ಕಂಪ್ಯೂಟರ್) ಕಾಟ ಕೊಡುತ್ತಿದೆ. ಸುಮ್ನೆ ಪಿಂಗ್ ಮಾಡಿದರೆ (ಸಂಪರ್ಕ ಇದೆಯಾ ಅಂತ ಚಿಕ್ಕ ಸಂದೇಶ ಕಳಿಸಿದರೆ) ಉತ್ತರ ಬರುತ್ತದೆ. ಲೈನ್ ಪೂರ್ತಿ ಓಡತೊಡಗಿದರೆ ಸ್ಕ್ರೀನಿನ ಅಂಕಿಗಳು ನಿಂತುಬಿಡುತ್ತವೆ.

ಕೇಬಲ್ ಬದಲಿಸಿದೆ. ಮೊದಲು ಸ್ವಿಚ್‌ನ ಮ್ಯಾಕ್ ವಿಳಾಸದ (ಪ್ರತಿ ಸಾಧನದ ನೆಟ್‌ವರ್ಕ್ ಗುರುತಿನ ಸಂಖ್ಯೆ) ಟೇಬಲ್ ಮೇಲೆ ಅನುಮಾನ ಬಂತು. ಸ್ವಿಚ್ ಒಳಬರುವ ಪ್ರತಿ ಫ್ರೇಮ್ (ಡೇಟಾ ತುಣುಕು) ಯಾರಿಂದ ಬಂತು ಅಂತ ನೋಡಿ, ಆ ವಿಳಾಸವನ್ನು ಪೋರ್ಟಿನ ಜೊತೆ ಬರೆದಿಟ್ಟುಕೊಳ್ಳುತ್ತದೆ. ನಮ್ಮದರಲ್ಲಿ 300 ಸೆಕೆಂಡ್ ಸದ್ದಿಲ್ಲದಿದ್ದರೆ ಅಳಿಸುತ್ತದೆ. ಪಿಎಲ್‌ಸಿ ಸರಿಯಾದ ಪೋರ್ಟಿನಲ್ಲೇ ಇದೆ.

ಆಮೇಲೆ ಪೋರ್ಟ್ ಸ್ಟೇಟಸ್ ತೆಗೆದರೆ, 100 ಎಂಬಿಪಿಎಸ್ ವೇಗ, ಹಾಫ್ ಡುಪ್ಲೆಕ್ಸ್ (ಒಂದು ಸಲಕ್ಕೆ ಒಂದೇ ಕಡೆ ಡೇಟಾ; ಫುಲ್ ಅಂದರೆ ಎರಡೂ ಕಡೆ ಒಟ್ಟಿಗೆ)! ಲೇಟ್ ಕೊಲಿಷನ್ (ಫ್ರೇಮ್‌ಗಳು ತಡವಾಗಿ ಡಿಕ್ಕಿಯಾಗುವುದು) ಎಣಿಕೆ ಕಣ್ಣೆದುರೇ ಏರುತ್ತಿದೆ. ಪಿಎಲ್‌ಸಿಯಲ್ಲಿ ಹಿಂದೆ ಯಾರೋ 100 ಫುಲ್ ಅಂತ ಫಿಕ್ಸ್ ಮಾಡಿದ್ದಾರೆ. ಸ್ವಿಚ್ ಆಟೋದಲ್ಲಿದೆ. ಎದುರಿನದು ನೆಗೋಷಿಯೇಷನ್‌ಗೇ (ವೇಗ, ಡುಪ್ಲೆಕ್ಸ್ ಬಗ್ಗೆ ಎರಡೂ ಕಡೆ ತಾವೇ ಮಾತಾಡಿಕೊಳ್ಳುವುದಕ್ಕೇ) ಬರದಿದ್ದರೆ, ಸ್ವಿಚ್ ಸಿಗ್ನಲ್ ನೋಡಿ ವೇಗ ಕಂಡುಹಿಡಿಯುತ್ತದೆ. ಡುಪ್ಲೆಕ್ಸ್ ತಿಳಿಯುವ ದಾರಿಯಿಲ್ಲ, ಹಾಫ್ ಹಿಡಿಯುತ್ತದೆ. ಇದೇ ಕಾರಣ ಅಲ್ವಾ?

ಪಿಎಲ್‌ಸಿ ಪ್ರೋಗ್ರಾಮಿನ ಬ್ಯಾಕಪ್ ಇಲ್ಲ, ಅದನ್ನು ಮುಟ್ಟಲು ನನಗೆ ನಿಜಕ್ಕೂ ಭಯ. ಸ್ವಿಚ್ ಪೋರ್ಟನ್ನೇ 100 ಫುಲ್‌ಗೆ ಫಿಕ್ಸ್ ಮಾಡಿದರೆ ಸಾಕಾ? ಹಾಗೆ ಮಾಡಿದರೆ ಕೆಲವು ಸ್ವಿಚ್‌ಗಳಲ್ಲಿ ಆಟೋ ಕ್ರಾಸ್‌ಓವರ್ (ಕೇಬಲ್ ನೇರವೋ ಕ್ರಾಸೋ ಅಂತ ನೋಡಿ ತಾನೇ ಹೊಂದಿಕೊಳ್ಳುವುದು) ನಿಲ್ಲುತ್ತದಂತೆ, ಕ್ರಾಸ್ ಕೇಬಲ್ ಸಿದ್ಧ ಇಟ್ಟುಕೊಳ್ಳಬೇಕಾ? ಭಾನುವಾರ ಲೈನ್ ನಿಲ್ಲುತ್ತದೆ, 2 ಗಂಟೆ ಸಿಗುತ್ತದೆ. ಮಾಡಿ ನೋಡಿದವರು ದಯವಿಟ್ಟು ಅದಕ್ಕೆ ಮೊದಲು ಹೇಳಿ.