ಹಳೇ ಔಟ್‌ಬೋರ್ಡ್ (ದೋಣಿಯ ಹಿಂದೆ ಕೂರಿಸೋ ಇಂಜಿನ್): ಹತ್ತು ನಿಮಿಷ ಓಡಿದ್ಮೇಲೆ ಆರ್‌ಪಿಎಂ ಮುಳ್ಳು ಸೊನ್ನೆಗೆ ಬೀಳ್ತದೆ, ಮೀಟರೇ ಹೋಯ್ತಾ?

ಹೊಳೆಬದಿ:
ನಮಸ್ಕಾರ ಎಲ್ರಿಗೂ. ನಮ್ದು ಗಂಗೊಳ್ಳಿ ಬದಿ. ಚಿಕ್ಕಪ್ಪಂದು ಒಂದು ಫೈಬರ್ ದೋಣಿ ಉಂಟು, ರಜೆ ಟೈಮಲ್ಲಿ ಬಂದವರನ್ನ ಹೊಳೆಯಲ್ಲಿ ಒಂದು ಸುತ್ತು ಹೊಡ್ಸೋದು. ಇಂಜಿನ್ 40 ಎಚ್‌ಪಿ ಟೂ ಸ್ಟ್ರೋಕ್, ಎರಡು ಸಿಲಿಂಡರ್, ಸೆಲ್ಫ್ ಸ್ಟಾರ್ಟ್. ಸೆಕೆಂಡ್ ಹ್ಯಾಂಡ್, ಮೇಲಿನ ಕವರಿಗೆ ಯಾರೋ ನೀಲಿ ಪೇಂಟ್ ಬಳಿದಿದ್ದಾರೆ, ಸ್ಟಿಕ್ಕರೂ ಇಲ್ಲ, ಹಾಗಾಗಿ ಯಾವ ಮಾಡೆಲ್ ಅಂತ ಕೇಳ್ಬೇಡಿ. ಸಮಸ್ಯೆ ಎಂತ ಅಂದ್ರೆ ಬೆಳಿಗ್ಗೆ ತಣ್ಣಗಿರುವಾಗ ಮುಳ್ಳು ಸರಿಯಾಗೇ ತೋರಿಸ್ತದೆ, ಐಡಲ್‌ನಲ್ಲಿ 800, ಸ್ವಲ್ಪ ಕೊಟ್ರೆ 2,500, ಆಮೇಲೆ ಹತ್ತು ನಿಮಿಷ ಓಡಿದ ಕೂಡ್ಲೇ ಒಂದ್ಸಲ ನಡುಗಿ ಸೀದಾ ಸೊನ್ನೆ. ಗಾಜಿನ ಮೇಲೆ ಬೆರಳಲ್ಲಿ ತಟ್ಟಿದ್ರೂ ಏಳೂದಿಲ್ಲ. ಇಂಜಿನ್ ಮಾತ್ರ ಚಂದ ಓಡ್ತಾ ಇರ್ತದೆ. ಹೊಸ ಮೀಟರ್ ತರ್ಸೋ ಮೊದ್ಲು ಕೇಳುವ ಅಂತ.

ಕಡಲಕಾಗೆ:
ನಾಡದೋಣಿಯವ್ರು ಯಾರಿಗೆ ಮೀಟರ್ ಉಂಟು ಮಾರ್ರೆ, ಕಿವಿಯಲ್ಲೇ ಗೊತ್ತಾಗ್ತದೆ. ಬಿಚ್ಚಿ ಬಿಸಾಡಿ.

ವೈರುತಂತಿ:
ಬಿಸಾಡ್ಬೇಡಿ. ಮೀಟರಿಗಿಂತ ಮೊದ್ಲು ಒಂದು ವಿಷ್ಯ ನೋಡಿ, ಮುಳ್ಳು ಬಿದ್ದ ಹೊತ್ತಿಗೆ ಬ್ಯಾಟರಿ ವೋಲ್ಟೇಜ್ ಎಷ್ಟು? ಯಾಕಂದ್ರೆ ಈ ಹಳೇ ಇಂಜಿನ್‌ಗಳಲ್ಲಿ ಟ್ಯಾಕ್‌ಗೆ, ಅಂದ್ರೆ ಆರ್‌ಪಿಎಂ ಮೀಟರಿಗೆ, ಬೇರೆ ಸೆನ್ಸರ್ ಅಂತ ಇಲ್ಲ, ಫ್ಲೈವೀಲ್ ಕೆಳಗಿರೋ ಚಾರ್ಜಿಂಗ್ ಕಾಯಿಲ್‌ನಿಂದ ಬರೋ ಎಸಿ ಪಲ್ಸನ್ನೇ ಅದು ಎಣಿಸೋದು. ಫ್ಲೈವೀಲ್‌ನಲ್ಲಿ 12 ಪೋಲ್ (ಅಯಸ್ಕಾಂತದ ಧ್ರುವ) ಇದ್ರೆ ಒಂದು ಸುತ್ತಿಗೆ 6 ಪಲ್ಸ್. ಅದೇ ಕರೆಂಟು ರೆಕ್ಟಿಫೈಯರ್‌ನಿಂದ ಡಿಸಿ ಆಗಿ ಬ್ಯಾಟರಿಗೆ ಹೋಗೋದು, ಹಾಗಾಗಿ ರೆಕ್ಟಿಫೈಯರ್ ಸುಟ್ರೆ ಟ್ಯಾಕೂ ಸಾಯ್ತದೆ, ಚಾರ್ಜಿಂಗೂ ಸಾಯ್ತದೆ. ಎರಡೂ ಒಟ್ಟಿಗೆ ಹೋದ್ರೆ ನನಗೆ ಮೀಟರ್ ಮೇಲೆ ಅನುಮಾನವೇ ಬರೂದಿಲ್ಲ. ಇತ್ತೀಚೆಗೆ ಬ್ಯಾಟರಿ ಬದಲಾಯಿಸಿದ್ದಾ? ಕೆಂಪು ಕಪ್ಪು ಒಂದ್ಸಲ ಉಲ್ಟಾ ತಾಗಿದ್ರೂ ಸಾಕು, ಇಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ತೆಗೆದ್ರೂ ಸಾಕು, ರೆಕ್ಟಿಫೈಯರ್ ಒಳಗಿನ ಡಯೋಡ್ ಢಮಾರ್.

ಉಪ್ಪುಗಾಳಿ:
ಅದಕ್ಕೂ ಮೊದ್ಲು ಸುಲಭದ್ದು ಮಾಡಿ. ಮೀಟರ್ ಹಿಂದೆ ಕಪ್ಪು ವೈರ್ ಅರ್ತ್ ಬೋಲ್ಟಿಗೆ ಹೋಗಿರ್ತದಲ್ಲ, ಅದನ್ನ ಬಿಚ್ಚಿ, ಹಸಿರು ಕಿಲುಬು ಕೂತಿದ್ರೆ ಮರಳು ಕಾಗದದಲ್ಲಿ ತಿಕ್ಕಿ ವಾಪಸ್ ಬಿಗಿ ಮಾಡಿ. ಇನ್ನೊಂದು, ಹಿಂದೆ 4ಪಿ, 6ಪಿ ಅಂತ ಬರೆದ ಸಣ್ಣ ತಿರುಗಣೆ ಇರ್ತದೆ (ಪಲ್ಸ್ ಲೆಕ್ಕವನ್ನ ಇಂಜಿನ್‌ಗೆ ಹೊಂದಿಸೋದು), ಅದನ್ನ ಎಲ್ಲಿತ್ತು ಅಂತ ಗುರುತು ಹಾಕ್ಕೊಂಡು ಆ ಕಡೆ ಈ ಕಡೆ ಹತ್ತು ಸಲ ತಿರುಗಿಸಿ ಅದೇ ಜಾಗಕ್ಕೆ ತನ್ನಿ. ನನ್ನದು ಅಷ್ಟಕ್ಕೇ ಸರಿಯಾಯ್ತು, ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿತ್ತು. ಆ ಸೆಟ್ಟಿಂಗೇ ತಪ್ಪಿದ್ರೆ ಮುಳ್ಳು ಬೀಳೂದಿಲ್ಲ, ಅರ್ಧವೋ ಒಂದೂವರೆ ಪಟ್ಟೋ ತೋರಿಸ್ತಾ ಇರ್ತದೆ ಅಷ್ಟೆ.

ಹೊಳೆಬದಿ:
ತಿರುಗಣೆ ತಿರುಗಿಸಿ ಆಯ್ತು, ಅರ್ತೂ ಕ್ಲೀನ್. ವ್ಯತ್ಯಾಸ ಇಲ್ಲ. ಆದ್ರೆ ವೋಲ್ಟೇಜ್ ನೋಡಿ: ಮುಳ್ಳು ಇರುವಾಗ 13.6, ಬಿದ್ಮೇಲೆ 12.3. ಬ್ಯಾಟರಿ ಹೋದ ತಿಂಗಳು ಹಾಕಿದ್ದು, ಉಲ್ಟಾ ತಾಗಿತ್ತಾ ಅಂತ ಚಿಕ್ಕಪ್ಪನ ಹತ್ರ ಕೇಳಿದ್ರೆ "ಒಂದು ಸಣ್ಣ ಕಿಡಿ ಬಂದಿತ್ತಪ್ಪ" ಅಂದ್ರು 🙂. ಆದ್ರೆ ರೆಕ್ಟಿಫೈಯರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ, ನಾಲ್ಕು ಡಯೋಡೂ ಸರಿ ಇದೆ ಅಂತ್ಲೇ ತೋರಿಸ್ತದೆ. ಒಂದು ಕಡೆ 0.5, ಉಲ್ಟಾ ಹಿಡಿದ್ರೆ ಓಎಲ್, ಅಂದ್ರೆ ಕರೆಂಟು ದಾಟೂದಿಲ್ಲ.

ವೈರುತಂತಿ:
"ಸಣ್ಣ ಕಿಡಿ" ಅಂದ್ರೆ ಎಲ್ಲ ಅರ್ಥ ಆಯ್ತು. ನೀವು ತಣ್ಣಗಿರುವಾಗ ಚೆಕ್ ಮಾಡಿದ್ದು, ಅದು ಬಿಸಿಯಾದ್ಮೇಲೆ ಹೋಗೋ ಜಾತಿಯದ್ದು. ಮನೇಲಿ ಹೇರ್ ಡ್ರೈಯರ್ ಇದ್ರೆ ತಗೊಳ್ಳಿ, ರೆಕ್ಟಿಫೈಯರನ್ನ ಮುಟ್ಟಿದ್ರೆ ಕೈ ಹಿಂದೆ ತೆಗೆಯೋ ಅಷ್ಟು ಬಿಸಿ ಮಾಡಿ, ಬಿಸಿ ಇರುವಾಗ್ಲೇ ಅದೇ ಡಯೋಡ್ ಟೆಸ್ಟ್ ಮತ್ತೆ ಮಾಡಿ. ಮತ್ತೆ ಒಂದು ಮಾತು, ಟ್ಯಾಕ್ ವೈರನ್ನ ಪ್ರಯೋಗಕ್ಕೂ ಇಗ್ನಿಷನ್‌ನ ಸ್ಟಾಪ್ ವೈರಿಗೆ ತಾಗಿಸ್ಬೇಡಿ. ಸ್ಪಾರ್ಕ್ ಕೊಡೋ ಸಿಡಿಐ ಯೂನಿಟ್‌ನಲ್ಲಿ ನೂರಾರು ವೋಲ್ಟ್ ಇರ್ತದೆ, ಮೀಟರ್ ನಿಜವಾಗ್ಲೂ ಸಾಯ್ತದೆ. ಬಣ್ಣ ನೋಡಿ ಹೋಗಿ: ಮರ್ಕ್ಯುರಿ, ಜಾನ್ಸನ್‌ನಲ್ಲಿ ಟ್ಯಾಕ್ ವೈರ್ ಬೂದು, ಯಮಹಾದಲ್ಲಿ ಹಸಿರು.

ಹೊಳೆಬದಿ:
ನಮ್ದು ಬೂದು. ಡ್ರೈಯರ್ ತಂಗಿಯದ್ದು, ಬೈಗುಳ ತಿಂದು ತಂದೆ. ಐದು ನಿಮಿಷ ಬಿಸಿ ಮಾಡಿದ್ದೇ ತಡ, ಒಂದು ಡಯೋಡ್ ಎರಡೂ ಕಡೆ ಓಎಲ್! ತಣ್ಣಗಾದ್ಮೇಲೆ ಮತ್ತೆ 0.5. ಹೊಸ ರೆಕ್ಟಿಫೈಯರ್ ಇಲ್ಲಿ ಎಲ್ಲೂ ಸಿಗ್ಲಿಲ್ಲ.

ವೈರುತಂತಿ:
ರೆಗ್ಯುಲೇಟರ್ (ವೋಲ್ಟೇಜ್ ಹಿಡಿತದಲ್ಲಿಡೋದು) ಜೊತೆಗಿದ್ದದ್ದಾದ್ರೆ ಕಂಪನಿದೇ ಬೇಕು. ಬರೀ ರೆಕ್ಟಿಫೈಯರ್ ಆದ್ರೆ ಕೆಬಿಪಿಸಿ 3510 ಅಂತ ಕೇಳಿ, 35 ಆಂಪ್, 1,000 ವೋಲ್ಟ್, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬೇಕಾದಷ್ಟು ಸಿಗ್ತದೆ. ನಾಲ್ಕು ಕಾಲಲ್ಲಿ ಅಡ್ಡ ತಿರುಗಿ ನಿಂತದ್ದು ಪ್ಲಸ್, ಅದರ ಎದುರು ಮೂಲೆಯದ್ದು ಮೈನಸ್, ಉಳಿದೆರಡಕ್ಕೆ ಕಾಯಿಲ್‌ನ ವೈರ್. ಹೀಟ್ ಸಿಂಕ್ ಪೇಸ್ಟ್ ಹಚ್ಚಿ ಲೋಹಕ್ಕೇ ಬೋಲ್ಟ್ ಮಾಡಿ.

ಹೊಳೆಬದಿ:
ಬರೀ ರೆಕ್ಟಿಫೈಯರೇ. ಹಾಕಿ ಆಯ್ತು, ಬೆಂಗಳೂರಲ್ಲಿರೋ ಭಾವ ಕೊರಿಯರ್ ಮಾಡಿದ್ರು. ನಿನ್ನೆ ಒಂದೂವರೆ ಗಂಟೆ ಓಡ್ಸಿದೆ, ಮುಳ್ಳು ಅಲ್ಲಾಡ್ಲಿಲ್ಲ, ಚಾರ್ಜಿಂಗ್ 13.8. ಕಡಲಕಾಗೆಯವ್ರೇ, ಕಿವಿಗೆ ಗೊತ್ತಾಗದ್ದು ಒಂದು ಈಗ ಗೊತ್ತಾಯ್ತು: ಎಂಟು ಜನ ಕೂತಾಗ ಫುಲ್ ಥ್ರಾಟಲ್ ಕೊಟ್ರೂ 4,400 ದಾಟ್ತಾ ಇಲ್ಲ. ಪ್ರೊಪೆಲ್ಲರ್ 13 ಪಿಚ್ (ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಹೋಗೋ ಇಂಚು). 11ಕ್ಕೆ ಇಳಿಸಿದ್ರೆ ಹೇಗೆ?

ಉಪ್ಪುಗಾಳಿ:
ಒಂದು ಪಿಚ್ ಇಳಿಸಿದ್ರೆ ಸುಮಾರು 150ರಿಂದ 200 ಆರ್‌ಪಿಎಂ ಏರ್ತದೆ, ಲೆಕ್ಕ ಹಾಕಿ. ಮೊದ್ಲು ದೋಣಿಯ ಅಡಿ ನೋಡಿ, ಚಿಪ್ಪು ಹಿಡಿದಿರ್ಬಹುದು.