ಐಇಎಲ್‌ಟಿಎಸ್: ‘ಮೋರ್ ದ್ಯಾನ್’ ಬಿಟ್ಟು ಬೇರೆ ಏನು ಬರೆಯಬಹುದು?

ಬೆಣ್ಣೆದೋಸೆ_ಡಿವಿಜಿ
ಎಲ್ಲರಿಗೂ ನಮಸ್ಕಾರ. ವಿದೇಶದಲ್ಲಿ ಓದಲು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್‌ಗೆ ತಯಾರಿ ನಡೆಸಿದ್ದೇನೆ. ರೈಟಿಂಗ್ ಟಾಸ್ಕ್ 1ರಲ್ಲಿ ಗ್ರಾಫ್ ನೋಡಿಕೊಂಡು ಸುಮಾರು 20 ನಿಮಿಷದಲ್ಲಿ ಕನಿಷ್ಠ 150 ಪದ ಬರೆಯಬೇಕಲ್ವಾ, ನನ್ನ ಉತ್ತರದ ತುಂಬಾ ಬರೀ ‘ಮೋರ್ ದ್ಯಾನ್’, ‘ಲೆಸ್ ದ್ಯಾನ್’. ಹೋಲಿಕೆಗೆ ಬೇರೆ ಕ್ರಿಯಾಪದ ಇದ್ದರೆ ಹೇಳಿ. ಇಡಿಯಮ್ (ನುಡಿಗಟ್ಟು) ಹಾಕಿದರೆ ಅಂಕ ಜಾಸ್ತಿ ಅಂತಾರೆ, ನಿಜಾನಾ?

ಹಳೇ_ಮೇಷ್ಟ್ರು
ಎಕ್ಸೀಡ್, ಓವರ್‌ಟೇಕ್, ಔಟ್‌ನಂಬರ್. ಸದ್ಯಕ್ಕೆ ಇಷ್ಟು ಸಾಕು. ಆದರೆ ಇವುಗಳ ಪಕ್ಕ ‘ದ್ಯಾನ್’ ಹಾಕಲೇಬೇಡಿ. ನಾವು ‘ಚೀನಾಗಿಂತ ಜಾಸ್ತಿ’ ಅಂತ ಯೋಚಿಸಿ ‘ಎಕ್ಸೀಡ್ಸ್ ದ್ಯಾನ್ ಚೈನಾ’ ಅಂತ ಬರೆದುಬಿಡುತ್ತೇವೆ. ಅದರ ಬದಲು ಪೇಪರ್‌ನವರು ಬರೆಯೋ ಹಾಗೆ ಯೋಚಿಸಿ: ಚೀನಾವನ್ನು ಮೀರಿಸಿತು, ಚೀನಾವನ್ನು ಹಿಂದಿಕ್ಕಿತು. ಇದರಲ್ಲಿ ‘ಗಿಂತ’ ಎಲ್ಲಿದೆ? ಇಂಗ್ಲಿಷಿನಲ್ಲೂ ಹಾಗೇ, ‘ಇನ್ 2023, ಇಂಡಿಯಾ ಓವರ್‌ಟುಕ್ ಚೈನಾ ಇನ್ ಪಾಪ್ಯುಲೇಶನ್’.

ಇನ್ನೊಂದು, ಓವರ್‌ಟೇಕ್ ಬರುವುದು ಹಿಂದೆ ಇದ್ದದ್ದು ಮುಂದೆ ಹೋದಾಗ ಮಾತ್ರ. ಲೈನ್ ಗ್ರಾಫ್‌ಗೆ ಸರಿ, ಒಂದೇ ವರ್ಷದ ಪೈ ಚಾರ್ಟ್‌ಗೆ ಅಲ್ಲ. ಔಟ್‌ನಂಬರ್ ಎಣಿಸಲು ಬರುವಂಥದ್ದಕ್ಕೆ. ನ್ಯೂಜಿಲೆಂಡ್‌ನಲ್ಲಿ ಜನಕ್ಕಿಂತ ಕುರಿಗಳೇ ಜಾಸ್ತಿ, ಹಾಗಾಗಿ ‘ಶೀಪ್ ಔಟ್‌ನಂಬರ್ ಪೀಪಲ್’. ಮಳೆ, ಹಣ, ಕರೆಂಟಿಗೆಲ್ಲ ಎಕ್ಸೀಡ್ ಹಾಕಿ.

ಕಾಫಿತೋಟ
ಟಾಸ್ಕ್ 1ಕ್ಕೆ ಇಡಿಯಮ್ ಬೇಡವೇ ಬೇಡ. ಅಲ್ಲಿ ಅಂಕಿ-ಅಂಶ ನೆಟ್ಟಗೆ ಹೇಳಿದರೆ ಸಾಕು, ಸುಮ್ನೆ ಒಗ್ಗರಣೆ ಯಾಕೆ? ಸ್ಪೀಕಿಂಗ್‌ಗೆ ಒಂದೆರಡು ಇಟ್ಟುಕೊಳ್ಳಿ. ‘ಕಾಂಟ್ ಹೋಲ್ಡ್ ಎ ಕ್ಯಾಂಡಲ್ ಟು’ ಅಂದರೆ ಅವನ ಕಾಲ ಧೂಳಿಗೂ ಸಮ ಇಲ್ಲ ಅಂತ. ಗುರು ಕೆಲಸ ಮಾಡುವಾಗ ಪಕ್ಕದಲ್ಲಿ ಮೇಣದಬತ್ತಿ ಹಿಡಿದು ನಿಲ್ಲುವ ಯೋಗ್ಯತೆಯೂ ಇಲ್ಲ ಅನ್ನೋದು ಅದರ ಒಳಾರ್ಥ. ಹೆಚ್ಚಾಗಿ ‘ಇಲ್ಲ’ ಅನ್ನೋ ಮಾತಿನಲ್ಲೇ ಬರುತ್ತದೆ, ಹೊಗಳುವುದಕ್ಕೆ ಹೋಗಿ ‘ಹಿ ಹೋಲ್ಡ್ಸ್ ಎ ಕ್ಯಾಂಡಲ್’ ಅಂದುಬಿಟ್ಟೀರಿ!

‘ಆಪಲ್ಸ್ ಅಂಡ್ ಆರೆಂಜಸ್’ ನಮ್ಮ ‘ಅಜಗಜಾಂತರ’ ಅಂತ ಕೆಲವರು ಹೇಳಿಕೊಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆಡಿಗೂ ಆನೆಗೂ ಇರೋದು ಭಾರೀ ಅಂತರ. ಸೇಬು, ಕಿತ್ತಳೆ ವಿಷಯದಲ್ಲಿ ಯಾವುದೂ ಹೆಚ್ಚಲ್ಲ, ಕಡಿಮೆಯಲ್ಲ, ಹೋಲಿಸಲು ಹೊರಟದ್ದೇ ತಪ್ಪು ಅಂತ ಅರ್ಥ.

ಬೆಣ್ಣೆದೋಸೆ_ಡಿವಿಜಿ
ಥ್ಯಾಂಕ್ಸ್ ಇಬ್ಬರಿಗೂ. ಮೇಷ್ಟ್ರೇ, ‘ಡಬಲ್ ದ್ಯಾನ್’ ನಡೆಯುತ್ತಾ?

ಹಳೇ_ಮೇಷ್ಟ್ರು
ನಡೆಯಲ್ಲ. ‘ಟ್ವೈಸ್ ಆಸ್ ಮೆನಿ ಆಸ್’ ಅನ್ನಿ, ಎಣಿಸಲು ಬಾರದ್ದಾದರೆ ‘ಟ್ವೈಸ್ ಆಸ್ ಮಚ್ ಆಸ್’. ‘ಸೀನಿಯರ್ ದ್ಯಾನ್ ಮಿ’, ‘ಪ್ರಿಫರ್ ಟೀ ದ್ಯಾನ್ ಕಾಫಿ’ ಇವೂ ಬೇಡ. ಎರಡಕ್ಕೂ ‘ಟು’. ಒಂದು ಉತ್ತರ ಬರೆದು ಇಲ್ಲೇ ಹಾಕಿ, ನೋಡೋಣ.